ಅಮಾವಾಸ್ಯೆಯ ಕ್ಯಾಲಿಬ್ರೇಶನ್

ಮೀಟರ್ ಕೆಟ್ಟಿದೆ, ಬಂದು ನೋಡಿ ಎಂದು ನನ್ನನ್ನು ಬೈದು ಕರೆಯುವವರೇ ಎಲ್ಲ. ಮೀಟರ್ ಸರಿ ಇದೆ, ಹಾಗಂತ ಬರೆದುಕೊಡಿ ಎಂದು ಕರೆದವರು ಖಾನಾಪುರದ ಆ ಹಾಲಿನ ಕಾರ್ಖಾನೆಯ ಮ್ಯಾನೇಜರ್ ಒಬ್ಬರೇ. ಬೆಳಿಗ್ಗೆ ಬೆಳಗಾವಿಯ ರಾಮತೀರ್ಥ ನಗರದ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುತ್ತ ಫೋನನ್ನು ಹೆಗಲಿಗೆ ಒತ್ತಿಕೊಂಡು ಮಾತಾಡಿದೆ. ಅವರು ಹೇಳಿದ್ದು ತಿಳಿಯಲು ಎರಡು ರೊಟ್ಟಿ ಹೊತ್ತಿಸಬೇಕಾಯಿತು.

ಊರಿನಿಂದ ಲೋಂಡಾ ಕಡೆ ಹೋಗುವ ರಸ್ತೆಯಲ್ಲಿ ಆ ಕಾರ್ಖಾನೆ. ಖೋವಾ, ಪನೀರು ಮಾಡುತ್ತಾರೆ. ಪಾತ್ರೆ ತೊಳೆದ ನೀರು, ಪನೀರಿನಿಂದ ಇಳಿದ ನೀರು ಎಲ್ಲ ಹಿತ್ತಲಿನ ಒಂದು ದೊಡ್ಡ ಟ್ಯಾಂಕಿಗೆ ಬರುತ್ತದೆ. ಆ ಟ್ಯಾಂಕಿನಲ್ಲಿ ಕಣ್ಣಿಗೆ ಕಾಣದ ಕೋಟಿ ಜೀವಿಗಳು ಹಾಲಿನ ಅಂಶವನ್ನೆಲ್ಲ ತಿಂದು ನೀರನ್ನು ಚೊಕ್ಕ ಮಾಡುತ್ತವೆ. ಅವಕ್ಕೂ ಉಸಿರು ಬೇಕಲ್ಲ, ಅದಕ್ಕೆ ಎರಡು ಬ್ಲೋವರ್ ಹಗಲೂ ರಾತ್ರಿ ತಳದಿಂದ ಗಾಳಿ ಊದುತ್ತವೆ. ನೀರಿನಲ್ಲಿ ಎಷ್ಟು ಆಮ್ಲಜನಕ ಕರಗಿದೆ ಎಂದು ಹೇಳುವುದು ನಾನು ಹಾಕಿಕೊಟ್ಟ ಮೀಟರ್, ಅಂದರೆ ನೀರಿನೊಳಗಿನ ಸೆನ್ಸರ್ ಮತ್ತು ಅದರಿಂದ ಬರುವ ವಿದ್ಯುತ್ತನ್ನು ಅಂಕಿಯಾಗಿ ತೋರಿಸುವ ಅನಲೈಜರ್. ಲೀಟರಿಗೆ ಎರಡು ಮಿಲಿಗ್ರಾಮಿನ ಆಸುಪಾಸು ಇದ್ದರೆ ಎಲ್ಲ ಕ್ಷೇಮ. ಒಂದಕ್ಕಿಂತ ಕೆಳಗಿಳಿದರೆ ಜೀವಿಗಳು ಸಾಯತೊಡಗುತ್ತವೆ, ಕೊಳೆತ ನೀರು ಹಳ್ಳಕ್ಕೆ ಹೋಗುತ್ತದೆ.

ಮ್ಯಾನೇಜರರ ಕೋಣೆಯ ಪರದೆಯ ಮೇಲೆ ಎರಡು ತಿಂಗಳಿಂದ ಅಂಕಿ 0.8 ದಾಟಿರಲಿಲ್ಲ. ಟ್ಯಾಂಕ್ ನೋಡಿಕೊಳ್ಳುವ ಆಪರೇಟರರ ದಾಖಲೆ ಪುಸ್ತಕದಲ್ಲಿ ಮಾತ್ರ ಎರಡೂ ಬ್ಲೋವರ್ ಪೂರ್ತಿ ನಡೆದಿವೆ ಎಂದು ಬರೆದಿತ್ತು. ಹಾಗಾದರೆ ಸುಳ್ಳು ಯಾರದು? ಆಪರೇಟರ್ ಸದ್ದು ತಾಳದೆ ಒಂದು ಬ್ಲೋವರ್ ಬಂದ್ ಮಾಡಿ ಮರದ ಕೆಳಗೆ ಮಲಗುತ್ತಾನೆ, ಪುಸ್ತಕದಲ್ಲಿ ಮಾತ್ರ ನಡೆಸುತ್ತಾನೆ ಎಂದು ಮ್ಯಾನೇಜರ್ ತೀರ್ಮಾನಿಸಿಬಿಟ್ಟಿದ್ದರು. ಸೋಮವಾರ ಬೆಳಗಾವಿಯಿಂದ ಮಾಲೀಕರು ಬರುವವರಿದ್ದರು. ಅವರ ಮುಂದೆ ಇಡಲು ಮೀಟರ್ ಸರಿ ಇದೆ ಎಂಬ ಕಾಗದವೊಂದು ಬೇಕು, ಆಮೇಲೆ ಆಪರೇಟರನ್ನು ಆಫೀಸಿಗೆ ಕರೆಸಿ, ಕೆಲಸ ಬಿಡಿಸಿ ಮನೆಗೆ ಕಳಿಸುವುದು.

ಆ ಆಪರೇಟರ್ ನನಗೆ ಹೊಸಬರಲ್ಲ. ಐವತ್ತು ದಾಟಿದ ಮನುಷ್ಯ, ಆ ಟ್ಯಾಂಕ್ ಕಟ್ಟಿದ ದಿನದಿಂದ ಅಲ್ಲೇ ಇದ್ದಾರೆ. ಮನೆಯಲ್ಲಿ ಮರಾಠಿ, ಕಾರ್ಖಾನೆಯಲ್ಲಿ ಕನ್ನಡ, ಬ್ಲೋವರಿನ ಜೊತೆ ಎರಡೂ. ನಾನು ಅವರನ್ನು ಕಾಕಾ ಎನ್ನುತ್ತೇನೆ, ಅವರು ನನಗೆ ಅಕ್ಕಾರ ಎನ್ನುತ್ತಾರೆ. ನೊರೆಯ ಬಣ್ಣ ನೋಡಿ, ಮೂಸಿ, ಟ್ಯಾಂಕಿನ ಆರೋಗ್ಯ ಹೇಳುವವರು. ಅಂಥವರು ಬ್ಲೋವರ್ ನಿಲ್ಲಿಸುತ್ತಾರೆಯೇ? ಸರ್ಟಿಫಿಕೇಟ್ ಗಿರ್ಟಿಫಿಕೇಟ್ ಆಮೇಲೆ, ಮೊದಲು ನೋಡುತ್ತೇನೆ ಎಂದು ಬುಧವಾರ ಬಸ್ಸು ಹತ್ತಿದೆ.

ಹೋದವಳೇ ಕೆಲಸಕ್ಕೆ ಕೂತೆ. ಎರಡೂ ಬ್ಲೋವರ್ ನಡೆಯುತ್ತಿದ್ದವು, ಅಂಕಿ 0.8. ಕೇಬಲ್ ನೋಡಿದೆ, ಜೋಡಣೆಯ ಪೆಟ್ಟಿಗೆ ಬಿಚ್ಚಿ ಒಳಗೆ ನೀರಿನ ಪಸೆ ಇದೆಯೇ ಎಂದು ಬೆರಳಾಡಿಸಿದೆ, ಒಣಗಿತ್ತು. ಸೆನ್ಸರ್ ಬದಲಿಗೆ ಗೊತ್ತಿರುವ ವಿದ್ಯುತ್ತನ್ನು ಅನಲೈಜರಿಗೆ ಕೊಟ್ಟರೆ ಸರಿಯಾದ ಅಂಕಿಯನ್ನೇ ತೋರಿಸಿತು. ಅಂದರೆ ಅನಲೈಜರ್ ನಿರ್ದೋಷಿ. ಸೆನ್ಸರನ್ನು ಮೇಲೆತ್ತಿ ನೋಡಿದರೆ ತುದಿಯ ತೆಳು ಪೊರೆಯ ಮೇಲೆ ಒಂದು ಸಣ್ಣ ಸುಕ್ಕು. ಆಹಾ, ಸಿಕ್ಕಿತು ಕಳ್ಳ ಅಂದುಕೊಂಡೆ. ಪೊರೆಯ ಮುಚ್ಚಳ ಹೊಸದು ಹಾಕಿದೆ, ಒಳಗಿನ ದ್ರಾವಣ ಚೆಲ್ಲಿ ಹೊಸದು ತುಂಬಿದೆ, ಸೆನ್ಸರನ್ನು ಗಾಳಿಗೆ ಹಿಡಿದು ಕ್ಯಾಲಿಬ್ರೇಶನ್ ಮಾಡಿದೆ. ಗಾಳಿಯಲ್ಲಿ ಆಮ್ಲಜನಕ ಎಷ್ಟಿರುತ್ತದೆಂದು ಗೊತ್ತಿರುವುದರಿಂದ, ಅಲ್ಲಿ ಬರುವ ವಿದ್ಯುತ್ತೇ ಪೂರ್ಣ ಅಳತೆ ಎಂದು ಅನಲೈಜರಿಗೆ ಹೇಳಿಕೊಡುವುದೇ ಕ್ಯಾಲಿಬ್ರೇಶನ್. ಟ್ಯಾಂಕಿಗೆ ಇಳಿಸಿದೆ. 2.4! ಕಾಕಾನ ಮುಖ ಅರಳಿತು. ಮರುದಿನ ಹಿಂಡಲಗಾದಲ್ಲಿ ಇನ್ನೊಂದು ಕೆಲಸವಿತ್ತು, ಅದಕ್ಕೆ ಸಾಮಾನು ಜೋಡಿಸಬೇಕಿತ್ತು. ಮ್ಯಾನೇಜರಿಗೆ ಪೊರೆಯ ದೋಷ, ಸರಿಪಡಿಸಿದ್ದೇನೆ ಎಂದು ಹೇಳಿ, ಚಹಾ ಕುಡಿದು, ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುತ್ತ ಮೂರು ಗಂಟೆಯ ಬಸ್ಸಿಗೆ ಹೊರಟುಬಿಟ್ಟೆ.

ಗುರುವಾರ ಬೆಳಿಗ್ಗೆ ಮ್ಯಾನೇಜರರ ಫೋನು. ದನಿಯಲ್ಲಿ ಗೆದ್ದವರ ಖುಷಿಯಿತ್ತು.

"ನೋಡ್ರಿ ಮೇಡಂ, ನೀವು ಇರೂತನಕಾ ಎರಡ ಮ್ಯಾಲ ಇತ್ತು. ನೀವು ಬಸ್ ಹತ್ತಿದ ಮ್ಯಾಲ ಇಳಿಯಾಕ ಹತ್ತಿದ್ದು, ಸಂಜಿಗೆ ಮತ್ತ ಪಾಯಿಂಟ್ ಎಂಟಕ್ಕ ಬಂದು ಕುಂತೈತಿ. ಈಗ ಮೀಟರಂತೂ ನೀವ ರಿಪೇರಿ ಮಾಡೀರಿ. ಮತ್ತ ಬ್ಲೋವರ್ ಬಂದ್ ಮಾಡಿದವರು ಯಾರು, ನೀವ ಹೇಳ್ರಿ."

ಕಾಕಾನನ್ನು ಉಳಿಸಲು ಹೋದವಳು ಅವರ ವಿರುದ್ಧ ಸಾಕ್ಷಿ ತಯಾರು ಮಾಡಿಕೊಟ್ಟು ಬಂದಿದ್ದೆ. ಎರಡು ತಿಂಗಳ ಅನುಮಾನಕ್ಕೆ ನನ್ನ ಒಂದೇ ಮಧ್ಯಾಹ್ನ ಪುರಾವೆಯಾಯಿತು.

ಅರ್ಧ ಗಂಟೆಯ ಮೇಲೆ ಕಾಕಾ ತಾವೇ ಫೋನ್ ಮಾಡಿದರು. ಹಿಂದೆ ಬ್ಲೋವರಿನ ಸದ್ದು ಕೇಳುತ್ತಿತ್ತು. ಅವರು ಜಗಳವಾಡಲಿಲ್ಲ, ಅಳಲಿಲ್ಲ.

"ಅಕ್ಕಾರ, ನಾ ಬಂದ್ ಮಾಡಿಲ್ರೀ. ಸಾಹೇಬ್ರು ಅಂದ್ರ ಅನ್ನಲಿ ಬಿಡ್ರಿ. ನಿನ್ನಿ ಮನ್ಯಾಗ ಮಗಳು ಕೇಳಿದ್ಳು, ಖರೇ ಹೇಳಪಾ, ಬಂದ್ ಮಾಡಿದ್ದಿ ಏನ ಅಂತ. ಅದಕ್ಕ ಏನ ಹೇಳಬೇಕೋ ತಿಳೀಲಿಲ್ರೀ."

ಸುಳ್ಳೇಕೆ ಹೇಳಲಿ, ಆ ಗಳಿಗೆಯಲ್ಲಿ ನನಗೂ ಒಂದು ಎಳೆಯಷ್ಟು ಅನುಮಾನ ಬಂತು. ವಯಸ್ಸಾಗಿದೆ, ಆ ಸದ್ದಿಗೆ ತಲೆ ಸಿಡಿಯುತ್ತದೆ, ಒಂದು ತಾಸು ನಿಲ್ಲಿಸಿರಬಹುದು ಅನ್ನಿಸಿತು. ಅನ್ನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಕೆಲಸ ಚೆನ್ನಾಗಿ ಮಾಡುತ್ತೇನೆ, ಮನೆಯಲ್ಲಿ ಎಲ್ಲರಿಗೂ ಗೊತ್ತು. ಹಿಂಡಲಗಾದ ಕೆಲಸ ಮುಗಿಸಿ, ಸಂಜೆ ಒಂದು ಡಬ್ಬಿಯಲ್ಲಿ ಗಾಜಿನ ಬಾಟಲಿ, ರಾಸಾಯನಿಕ, ಬ್ಯೂರೆಟ್ ಎಲ್ಲ ತುಂಬಿಕೊಂಡೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮ್ಯಾನೇಜರಿಗೆ ಮೀಟರಿನ ಮಾತೇ ವೇದ. ಮೀಟರನ್ನು ಪರೀಕ್ಷಿಸಲು ಮೀಟರ್ ಅಲ್ಲದ್ದು ಬೇಕಿತ್ತು.

ಶುಕ್ರವಾರ ಬೆಳಗಿನ ರೈಲಿಗೆ ಹೋದೆ. ಈ ಸಲ ಯಾವುದನ್ನೂ ಮುಟ್ಟುವುದಿಲ್ಲ, ಮೊದಲು ನೋಡುವುದು ಎಂದು ಹಟ ಹಿಡಿದಿದ್ದೆ. ಎರಡೂ ಬ್ಲೋವರಿನ ಮೇಲೆ ಕೈಯಿಟ್ಟು ನಡೆಯುತ್ತಿವೆ ಎಂದು ಖಾತ್ರಿ ಮಾಡಿಕೊಂಡೆ. ಅಂಕಿ 0.8. ಸೆನ್ಸರ್ ಇರುವ ಜಾಗದಲ್ಲೇ, ಅಷ್ಟೇ ಆಳದಿಂದ ಟ್ಯಾಂಕಿನ ನೀರು ತೆಗೆದು, ಜೀವಿಗಳ ಉಸಿರಾಟ ನಿಲ್ಲಿಸಿ ಕೆಸರನ್ನು ತಳಕ್ಕೆ ಕೂರಿಸುವ ಔಷಧಿ ಹಾಕಿದೆ. ತಿಳಿನೀರನ್ನು ಒಂದು ಗುಳ್ಳೆಯೂ ಇಲ್ಲದ ಹಾಗೆ ಬಾಟಲಿಗೆ ಇಳಿಸಿದೆ. ಎರಡು ದ್ರಾವಣ ಹಾಕಿದಾಗ ಕಂದು ಬಣ್ಣದ ಮೋಡ ಎದ್ದು ತಳಕ್ಕೆ ಕೂತಿತು. ಕಂದು ಗಾಢವಾದಷ್ಟೂ ಆಮ್ಲಜನಕ ಹೆಚ್ಚು. ಬಣ್ಣ ನೋಡಿಯೇ ನನ್ನ ಎದೆ ಹಗುರಾಯಿತು. ಆಮ್ಲ ಹಾಕಿ ಕರಗಿಸಿ, ಗಂಜಿ ಹಾಕಿ ನೀಲಿ ಮಾಡಿ, ಬ್ಯೂರೆಟ್ಟಿನಿಂದ ಮತ್ತೊಂದು ದ್ರಾವಣವನ್ನು ಹನಿಹನಿ ಬಿಟ್ಟು ನೀಲಿ ಮಾಯವಾಗುವವರೆಗೆ ಎಣಿಸಿದೆ. ಲೆಕ್ಕ ಬಂದದ್ದು 2.4. ಇನ್ನೊಮ್ಮೆ ಮಾಡಿದೆ, 2.4.

ಅಂದರೆ ಗಾಳಿ ಬೇಕಾದಷ್ಟು ಇತ್ತು. ಕಾಕಾ ಯಾವ ಬ್ಲೋವರನ್ನೂ ನಿಲ್ಲಿಸಿರಲಿಲ್ಲ. ಸುಳ್ಳು ಹೇಳುತ್ತಿದ್ದದ್ದು ನನ್ನ ಮೀಟರ್.

ಮ್ಯಾನೇಜರಿಗೆ ಇದನ್ನು ಹೇಳಿದರೆ, ಇವತ್ತು ನೀವು ಬರುತ್ತೀರೆಂದು ಎರಡೂ ನಡೆಸಿದ್ದಾನೆ ಅಂದರು. ನಡೆಸಿದ್ದರೆ ಈಗ ನಿಮ್ಮ ಪರದೆ 2.4 ತೋರಿಸಬೇಕಿತ್ತಲ್ಲ, ಯಾಕೆ 0.8 ತೋರಿಸುತ್ತಿದೆ ಎಂದು ಕೇಳಿದೆ. ಹಾಗಾದರೆ ಬುಧವಾರ ನೀವೇ ಸರಿ ಮಾಡಿದ ಮೀಟರ್ ಸಂಜೆಯೊಳಗೆ ಯಾಕೆ ಕೆಟ್ಟಿತು ಎಂದು ಅವರು ತಿರುಗಿ ಕೇಳಿದರು. ಪ್ರಶ್ನೆ ಸರಿಯಾಗಿಯೇ ಇತ್ತು.

ಹಿತ್ತಲಿಗೆ ಬಂದು ಯೋಚಿಸಿದೆ. ಆಮ್ಲಜನಕವನ್ನೆಲ್ಲ ಹೀರುವ ಸೋಡಿಯಂ ಸಲ್ಫೈಟ್ ಕರಗಿಸಿದ ನೀರಿನಲ್ಲಿ ಸೆನ್ಸರ್ ಅದ್ದಿದರೆ ಸೊನ್ನೆ ತೋರಿಸಿತು, ಅಲ್ಲಿ ತಪ್ಪಿಲ್ಲ. ತೊಳೆದು ಗಾಳಿಗೆ ಹಿಡಿದರೆ ಏಳೂವರೆ ತೋರಿಸಬೇಕಾದದ್ದು ಎರಡೂವರೆ ತೋರಿಸಿತು. ಎಲ್ಲೆಡೆ ಸರಿಯಾಗಿ ಮೂರರಲ್ಲಿ ಒಂದು ಪಾಲು. ಕೆಟ್ಟ ಸೆನ್ಸರ್ ಹೀಗೆ ಶಿಸ್ತಿನಿಂದ ಸುಳ್ಳು ಹೇಳುವುದಿಲ್ಲ, ಅದು ಹಾರುತ್ತದೆ, ಬೀಳುತ್ತದೆ. ಇದಕ್ಕೆ ಯಾರೋ ತಪ್ಪು ಅಳತೆ ಕಲಿಸಿದ್ದಾರೆ. ಕಲಿಸುವುದು ಕ್ಯಾಲಿಬ್ರೇಶನ್ನಿನಲ್ಲಿ. ಅದನ್ನು ಮಾಡುವವರು ಇಬ್ಬರೇ, ತಿಂಗಳಿಗೊಮ್ಮೆ ಕಾಕಾ, ಮೊನ್ನೆ ನಾನು.

ಕಾಕಾ ಹೇಗೆ ಮಾಡುತ್ತಾರೋ ನೋಡಬೇಕು ಅನ್ನಿಸಿತು. ನೀವು ತಿಂಗಳಿಗೊಮ್ಮೆ ಮಾಡುವುದನ್ನು ಮೊದಲಿನಿಂದ ಕೊನೆಯವರೆಗೆ, ಒಂದನ್ನೂ ಬಿಡದೆ ಮಾಡಿ ತೋರಿಸಿ ಅಂದೆ. ಅವರು ಹಿಂದೆಮುಂದೆ ನೋಡಿದರು. ಇವತ್ತು ಅಮಾವಾಸ್ಯೆ ಅಲ್ಲವಲ್ಲ ಅಂದರು.

ನಮ್ಮ ಕಡೆ ಗಾಡಿ, ಲೇತು, ಪಂಪು, ಏನೇ ಇರಲಿ, ಅಮಾವಾಸ್ಯೆಗೆ ಯಂತ್ರಕ್ಕೆ ಪೂಜೆ ಮಾಡುತ್ತಾರೆ. ಕಾಕಾ ತಮ್ಮ ಅನಲೈಜರಿಗೂ ಮಾಡುತ್ತಾರೆ. ತೆಂಗಿನಕಾಯಿ ಬೇಡ, ಊದಿನಕಡ್ಡಿಯೂ ಬೇಡ, ಉಳಿದದ್ದನ್ನು ಮಾಡಿ ಎಂದು ಒಪ್ಪಿಸಿದೆ. ಅವರು ಕೈಕಾಲು ತೊಳೆದು ಬಂದರು. ಅನಲೈಜರ್ ಇರುವ ಪೆಟ್ಟಿಗೆಯ ಮೇನ್ ಸ್ವಿಚ್ ಆರಿಸಿದರು. ಧೂಳು ಒರೆಸಿದರು, ಸೆನ್ಸರನ್ನು ಎತ್ತಿ ಮೃದುವಾದ ಬಟ್ಟೆಯಿಂದ ಮಗುವಿನ ಮುಖ ಒರೆಸುವ ಹಾಗೆ ಒರೆಸಿದರು. ತುದಿಯ ಮುಚ್ಚಳ ಬಿಚ್ಚಿ ಒಳಗಿನ ದ್ರಾವಣ ಚೆಲ್ಲಿ ಹೊಸದು ತುಂಬಿದರು. ಪೂಜೆಗೆ ಹಳೆಯ ನೀರು ಇಡಬಾರದಂತೆ. ಪೈಪಿಗೆ ಅರಿಶಿನ ಕುಂಕುಮ ಹಚ್ಚುವ ಜಾಗವನ್ನು ಬೆರಳಲ್ಲೇ ತೋರಿಸಿದರು. ಕೈಮುಗಿದರು. ಸ್ವಿಚ್ ಹಾಕಿದರು. ಹತ್ತು ನಿಮಿಷ ಗಡಿಯಾರ ನೋಡಿದರು. ಆಮೇಲೆ ಕ್ಯಾಲಿಬ್ರೇಶನ್ ಗುಂಡಿಯ ಮೇಲೆ ಬೆರಳಿಟ್ಟರು.

ಆ ಬೆರಳನ್ನು ಹಿಡಿದು ನಿಲ್ಲಿಸಿದೆ. ಗುಂಡಿ ಒತ್ತುವ ಮೊದಲು ಅನಲೈಜರಿನ ಒಳಪುಟ ತೆರೆದೆ. ಸೆನ್ಸರಿನಿಂದ ಬರುವ ವಿದ್ಯುತ್ ಎಷ್ಟು ಎಂದು ಆ ಪುಟ ತೋರಿಸುತ್ತದೆ. ನಾನು ಎಂದೂ ಅದನ್ನು ತೆರೆದು ನೋಡಿದವಳಲ್ಲ, ಬೇಕಾಗಿರಲಿಲ್ಲ. 210 ನ್ಯಾನೊಆಂಪಿಯರ್. ನೋಡುತ್ತ ನೋಡುತ್ತ 208. ಆಮೇಲೆ 205. ಸೆನ್ಸರ್ ಗಾಳಿಯಲ್ಲಿ ನೇತಾಡುತ್ತಿತ್ತು, ಗಾಳಿಯಲ್ಲಿ ಆಮ್ಲಜನಕ ಕಡಿಮೆಯಾಗುವುದಿಲ್ಲ. ಆದರೂ ಅಂಕಿ ಇಳಿಯುತ್ತಲೇ ಇತ್ತು.

ತಪ್ಪು ಎಲ್ಲಿದೆಯೆಂದು ಆಗ ಹೊಳೆಯಿತು. ಮೂರು ತಿಂಗಳ ಹಿಂದಿನವರೆಗೆ ಆ ಟ್ಯಾಂಕಿನಲ್ಲಿದ್ದ ಹಳೆಯ ಸೆನ್ಸರ್ ಬೇರೆ ಜಾತಿಯದು, ತನ್ನ ವಿದ್ಯುತ್ತನ್ನು ತಾನೇ ಹುಟ್ಟಿಸಿಕೊಳ್ಳುತ್ತಿತ್ತು. ಹತ್ತು ನಿಮಿಷ ಬಿಟ್ಟು ಕ್ಯಾಲಿಬ್ರೇಶನ್ ಮಾಡಿದರೆ ನಡೆಯುತ್ತಿತ್ತು. ನಾನು ಹಾಕಿದ ಹೊಸದಕ್ಕೆ ಅನಲೈಜರ್ ಹೊರಗಿನಿಂದ ವೋಲ್ಟೇಜ್ ಕೊಡಬೇಕು. ಕರೆಂಟು ತಪ್ಪಿಸಿದರೆ, ದ್ರಾವಣ ಬದಲಿಸಿದರೆ, ಒಳಗೆ ಉಳಿದ ಆಮ್ಲಜನಕ ಸವೆದು ಅದು ನೆಲೆಗೊಳ್ಳಲು ಆರು ತಾಸು ಬೇಕು. ಅಷ್ಟರೊಳಗೆ ಬರುವ ವಿದ್ಯುತ್ತೆಲ್ಲ ಹುಸಿ ಉಬ್ಬು. ಆ ಉಬ್ಬನ್ನೇ ಪೂರ್ಣ ಅಳತೆ ಎಂದು ಕಲಿಸಿದರೆ, ಸಂಜೆ ಅದು ತನ್ನ ನಿಜವಾದ ಮಟ್ಟಕ್ಕೆ ಇಳಿದಾಗ ಎಲ್ಲವನ್ನೂ ಕಡಿಮೆ ತೋರಿಸುತ್ತದೆ. ಬುಧವಾರ ನಾನು ಮಾಡಿದ್ದೂ ಇದನ್ನೇ, ಹೊಸ ದ್ರಾವಣ, ಹತ್ತು ನಿಮಿಷ, ಬಸ್ಸು. ಕಾಲೇಜಿನಲ್ಲಿ ಓದಿದ ವಿದ್ಯೆ ತಲೆಯಲ್ಲಿತ್ತು, ಕೈ ಮಾತ್ರ ಹಳೆಯ ಸೆನ್ಸರಿನ ರೂಢಿಯಲ್ಲೇ ಓಡಿತು. ಹೊಸದನ್ನು ಹಾಕಿದಾಗ ಕ್ಯಾಲಿಬ್ರೇಶನ್ ಸರಿಯಾಗಿದ್ದದ್ದೂ ನನ್ನ ಜಾಣತನದಿಂದಲ್ಲ. ಅವತ್ತು ಹೊತ್ತಾಯಿತೆಂದು ಕೆಲಸ ಬಿಟ್ಟು, ಮರುದಿನ ಬೆಳಿಗ್ಗೆ ಮುಗಿಸಿದ್ದೆ, ಅಷ್ಟೇ.

ಕಾಕಾಗೆ ಕೇಳಿದೆ, ಈ ಹತ್ತು ನಿಮಿಷ, ಈ ಅಮಾವಾಸ್ಯೆ, ಇದೆಲ್ಲ ಯಾರು ಹೇಳಿಕೊಟ್ಟದ್ದು? ಅವರಿಗೆ ನಾನು ಹುಡುಗಾಟ ಮಾಡುತ್ತಿದ್ದೇನೆ ಅನ್ನಿಸಿತೇನೋ, ನಕ್ಕರು.

"ನೀವ ಹೇಳಿದ್ದಿಲ್ಲೇನ್ರಿ ಅಕ್ಕಾರ? ಹ್ಯಾಂಗೂ ಪೂಜಾಕ್ಕ ಸೆನ್ಸರ್ ಮ್ಯಾಲ ತಗೀತೀರಿ, ಅವತ್ತ ಕ್ಯಾಲಿಬ್ರೇಶನ್ ಮಾಡ್ರಿ, ಮರಿಯಂಗಿಲ್ಲ ಅಂದಿದ್ರಿ. ಹೊಸಾದು ಹಾಕಿದ ಮ್ಯಾಲೂ ಕೇಳಿದ್ದೆ. ಎಲ್ಲಾ ಮೊದಲಿನಂಗ, ಏನೂ ಬದಲಿಲ್ಲ ಕಾಕಾ ಅಂದ್ರಿ."

ಅಂದಿದ್ದೆ. ಅಂದದ್ದು ಚೆನ್ನಾಗಿ ನೆನಪಿದೆ. ತಿಂಗಳ ಕ್ಯಾಲಿಬ್ರೇಶನ್ನನ್ನು ಎಲ್ಲ ಕಡೆ ಮರೆಯುತ್ತಾರೆ, ಅಮಾವಾಸ್ಯೆಗೆ ಗಂಟು ಹಾಕಿದರೆ ಯಾರೂ ಮರೆಯುವುದಿಲ್ಲ ಎಂಬುದು ನನ್ನದೇ ಯುಕ್ತಿ, ಅದನ್ನು ನಾಲ್ಕು ಕಡೆ ಹೇಳಿ ಮೆರೆದಿದ್ದೆ ಕೂಡ. ಹೊಸ ಸೆನ್ಸರಿನ ಜೊತೆ ಬಂದ ಕೈಪಿಡಿಯನ್ನು ಅರ್ಧ ಓದಿ ಮುಚ್ಚಿದ್ದೆ. ಕಾಕಾ ನಾನು ಹೇಳಿದ್ದರಲ್ಲಿ ಒಂದಕ್ಷರ ತಪ್ಪದೆ ಮಾಡಿದ್ದರು. ಹಾಗೆ ಮಾಡಿದ್ದಕ್ಕೇ ಅವರ ಕೆಲಸ ಹೋಗುವುದರಲ್ಲಿತ್ತು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ, ಇಲ್ಲಿ ಮಾಡಿದವಳು ನಾನು, ಉಣ್ಣುತ್ತಿದ್ದವರು ಅವರು.

ಗುಂಡಿ ಒತ್ತಲು ಬಿಡಲಿಲ್ಲ. ಮಧ್ಯಾಹ್ನದ ರೈಲು ಹೋಗಲಿ ಅಂದೆ. ಕಾಕಾನ ಡಬ್ಬಿಯಿಂದ ಭಾಕರಿ, ಝುಣಕ ಇಬ್ಬರೂ ಹಂಚಿಕೊಂಡು ತಿಂದೆವು. ಅರ್ಧ ಗಂಟೆಗೊಮ್ಮೆ ವಿದ್ಯುತ್ತಿನ ಅಂಕಿಯನ್ನು ಅವರ ಪುಸ್ತಕದಲ್ಲೇ ಬರೆದೆ. 160, 120, 95. ನಾಲ್ಕರ ಹೊತ್ತಿಗೆ 71, ಆಮೇಲೆ 70, ಅಲ್ಲಿಂದ ಅಲುಗಲಿಲ್ಲ. ಐದಕ್ಕೆ ಕಾಕಾನ ಕೈಯಿಂದಲೇ ಕ್ಯಾಲಿಬ್ರೇಶನ್ ಮಾಡಿಸಿ ಸೆನ್ಸರನ್ನು ಟ್ಯಾಂಕಿಗೆ ಇಳಿಸಿದೆವು. 2.4. ಇನ್ನೊಂದು ಬಾಟಲಿ ತುಂಬಿ ನೋಡಿದೆ, ಅದೂ 2.4.

ಮ್ಯಾನೇಜರನ್ನು ಹಿತ್ತಲಿಗೇ ಕರೆಸಿದೆ. ಅಂಕಿಗಳ ಸಾಲು ತೋರಿಸಿದೆ. ಅಮಾವಾಸ್ಯೆಯ ಮಾತು ಬಂದಾಗ ಅವರು ಮೊಬೈಲಿನಲ್ಲಿ ಹಳೆಯ ಗ್ರಾಫ್ ತೆರೆದು, ಕಾಕಾನ ಕೋಣೆಯ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತರು. ಅಂಕಿ ಮೊದಲ ಸಲ ಬಿದ್ದ ದಿನದ ಮೇಲೆ ಅಮಾವಾಸ್ಯೆಯ ಕಪ್ಪು ಚುಕ್ಕೆ ಇತ್ತು. ಕೆಟ್ಟ ಮನುಷ್ಯರಲ್ಲ ಅವರು. ಮೆತ್ತಗೆ ಹೇಳಿದರು, ಸೆನ್ಸರ್ ದೋಷ, ಬದಲಿಸಲಾಗಿದೆ ಅಂತ ಒಂದು ಸಾಲು ಬರೆದುಬಿಡಿ, ಹಾವೂ ಸಾಯುವುದಿಲ್ಲ ಕೋಲೂ ಮುರಿಯುವುದಿಲ್ಲ. ಆಮೇಲೆ ನಮ್ಮ ಆಫೀಸಿಗೆ ಫೋನ್ ಮಾಡಿದೆ. ಅಲ್ಲಿ ನನ್ನ ಮೇಲಿನವರು ಇನ್ನೊಂದು ದಾರಿ ಹೇಳಿದರು, ಬಳಸುವವರ ನಿರ್ವಹಣೆಯ ತಪ್ಪು ಎಂದು ಬರೆಯಿರಿ, ಅದು ನಮ್ಮ ಪದ್ಧತಿಯೇ ತಾನೆ ಎಂದು.

ಹೌದು, ಪದ್ಧತಿಯೇ. ನಾನೂ ಎಷ್ಟೋ ಕಡೆ ಆ ಸಾಲು ಬರೆದಿದ್ದೇನೆ. ಆ ಸಾಲಿನ ಕೆಳಗೆ ಎಷ್ಟು ಮಂದಿ ಕಾಕಾಗಳು ಸಹಿ ಹಾಕಿದ್ದಾರೋ ಯಾರಿಗೆ ಗೊತ್ತು? ಸರ್ವಿಸ್ ವರದಿ ಇಂಗ್ಲಿಷಿನಲ್ಲಿರುತ್ತದೆ, ಅವರು ಓದದೆ ಹಾಕುತ್ತಾರೆ. ಸೆನ್ಸರ್ ದೋಷ ಎಂದು ಬರೆದರೆ ಸೋಮವಾರ ಕೆಲಸ ಉಳಿಯುತ್ತದೆ, ಬುಧವಾರದ ಗ್ರಾಫ್ ಮಾತ್ರ ಹಾಗೆಯೇ ಇರುತ್ತದೆ, ನಾನು ಬಸ್ಸು ಹತ್ತಿದ ಮೇಲೆ ಇಳಿದ ಗೆರೆಯಾಗಿ. ಆ ಗೆರೆಯನ್ನು ನೋಡಿ ಯಾರಾದರೂ ಯಾವಾಗಲಾದರೂ ಮತ್ತೆ ಕೇಳಬಹುದು. ಬಸ್ ಹತ್ತುವ ಆತುರ ನನ್ನದು, ಅದಕ್ಕೆ ಉತ್ತರ ಕೊಡಬೇಕಾದವಳೂ ನಾನೇ.

ಕಾಕಾನ ಮೇಜಿನ ಮುಂದೆ ಕೂತು ವರದಿಯನ್ನು ಕನ್ನಡದಲ್ಲಿ ಬರೆದೆ. ಸೆನ್ಸರ್ ಸರಿ ಇದೆ. ಅನಲೈಜರ್ ಸರಿ ಇದೆ. ಬ್ಲೋವರ್ ಯಾವುದನ್ನೂ ನಿಲ್ಲಿಸಿದ ಲಕ್ಷಣವಿಲ್ಲ. ದ್ರಾವಣ ಬದಲಿಸಿದರೆ ಅಥವಾ ಕರೆಂಟ್ ಆರಿಸಿದರೆ ಕ್ಯಾಲಿಬ್ರೇಶನ್‌ಗೆ ಮೊದಲು ಆರು ತಾಸು ಕಾಯಬೇಕು. ಇದನ್ನು ಸೆನ್ಸರ್ ಅಳವಡಿಸಿದ ದಿನ ನಾನು ಹೇಳಿರಲಿಲ್ಲ, ಬದಲಿಗೆ ಏನೂ ಬದಲಾಗಿಲ್ಲ ಎಂದು ಹೇಳಿದ್ದೆ. ಆಪರೇಟರ್ ನನ್ನ ಸೂಚನೆಯಂತೆಯೇ ನಡೆದಿದ್ದಾರೆ. ಬುಧವಾರ ನಾನೂ ಇದೇ ತಪ್ಪು ಮಾಡಿದೆ. ಕೆಳಗೆ ನನ್ನ ಹೆಸರು, ಸಹಿ.

ಮ್ಯಾನೇಜರ್ ಓದಿದರು. ನನ್ನನ್ನು ಒಮ್ಮೆ ನೋಡಿದರು. ಮೊಹರು ಒತ್ತಿದರು. ಸೋಮವಾರ ಮಾಲೀಕರ ಮುಂದೆ ಇದನ್ನೇ ಇಡುತ್ತೇನೆ ಅಂದರು. ಹೊರಡುವಾಗ ಬಾಗಿಲ ಬಳಿ ನಿಂತು ಕಾಕಾನಿಗೆ ಹೇಳಿದರು.

"ಸೋಮವಾರ ಆಫೀಸಿಗೆ ಬರೂದು ಬ್ಯಾಡ್ರಿ ಕಾಕಾ. ಟ್ಯಾಂಕ್ ನೋಡ್ಕೊಳ್ರಿ."

ನಾನು ಕ್ಯಾಲೆಂಡರಿನಲ್ಲಿ ಬರುವ ಅಮಾವಾಸ್ಯೆಯ ಮುಂದಿನ ಚೌಕದಲ್ಲಿ ಪೆನ್ನಿನಿಂದ ಗುರುತು ಹಾಕಿದೆ. ಅಮಾವಾಸ್ಯೆಗೆ ಪೂಜೆ, ಪಾಡ್ಯಕ್ಕೆ ಕ್ಯಾಲಿಬ್ರೇಶನ್. ದೇವರಿಗೂ ಸಮಾಧಾನ, ಸೆನ್ಸರಿಗೂ ಸಮಾಧಾನ ಅಂದೆ. ಕಾಕಾ ತಲೆಯಾಡಿಸಿದರು, ಆದರೆ ಗಮನ ಆ ಕಡೆ ಇರಲಿಲ್ಲ. ವರದಿಯನ್ನು ಕೈಯಲ್ಲಿ ಹಿಡಿದು, ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದುತ್ತಿದ್ದರು. ಬ್ಲೋವರ್ ಎಂಬ ಸಾಲಿಗೆ ಬಂದಾಗ ಬೆರಳು ನಿಂತಿತು. ನನ್ನ ಮೇಲೆ ಸಿಟ್ಟಿದೆಯೇ ಎಂದು ಕೇಳಿದೆ, ತಪ್ಪಾಯಿತು ಕಾಕಾ ಅಂದೆ. ಅವರಿಗೆ ಬೇಕಾದದ್ದು ಬೇರೆ ಇತ್ತು.

"ಅಕ್ಕಾರ, ಇದರ ಒಂದು ಝೆರಾಕ್ಸ್ ನಂಗ ಸಿಗತೈತೇನ್ರಿ? ಮನಿಗೆ ಒಯ್ಯಬೇಕಾಗಿತ್ತು. ಮಗಳಿಗೆ ತೋರಸಾಕ."

ಝೆರಾಕ್ಸ್ ಯಾಕೆ ಎಂದು ಅಸಲು ಪ್ರತಿಯನ್ನೇ ಅವರ ಕೈಯಲ್ಲಿ ಬಿಟ್ಟು, ಕಾರ್ಖಾನೆಗೂ ನನ್ನ ಆಫೀಸಿಗೂ ಝೆರಾಕ್ಸ್ ಮಾಡಿಸಿಕೊಂಡೆ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಖಾಲಿ ಊಟದ ಡಬ್ಬಿಯೊಳಗೆ ಇಟ್ಟುಕೊಂಡು ಮುಚ್ಚಳ ಬಿಗಿದರು.